ತ್ಯಾಂಪಣ್ಣನ ಹೊಸ ಎಂಜಿನ್

ದಿಶಾಂತ್ ಪೋಕರನ ಕಾಲರ್ ಹಿಡಿದು ಅಂಗಳದ ಉದ್ದಕ್ಕೂ ಎಳೆದುಕೊಂಡು ಹೋಗುವಾಗ, ಅವನ ಅಪ್ಪ ತ್ಯಾಂಪಣ್ಣನ ಹೆಣವನ್ನು ಮೀಯಿಸುವ ನೀರು ಇನ್ನೂ ಕಾದಿರಲಿಲ್ಲ. ಹಂಡೆಯ ಬುಡಕ್ಕೆ ಸೌದೆ ನೂಕುತ್ತಿದ್ದವರು ಸೌದೆ ಬಿಟ್ಟು ಎದ್ದು ನಿಂತರು. ಪೋಕರನಿಗೆ ಅರುವತ್ತೆರಡು ವರ್ಷ, ಉಪ್ಪಿನಂಗಡಿಯಲ್ಲಿ ಗ್ಯಾರೇಜು. ಗೆಳೆಯನ ಮುಖವನ್ನು ಕಡೆಯ ಸಲ ನೋಡಲೆಂದು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದಿದ್ದ. ಅದರ ಎರಡು ಗುಂಡಿ ಆಗಲೇ ಮಣ್ಣಿನಲ್ಲಿ ಬಿದ್ದಿದ್ದವು.

"ಬ್ರೇಕಿಲ್ಲದ ಗಾಡಿ ಕೊಟ್ಟು ನನ್ನ ಅಪ್ಪನನ್ನು ಕೊಂದು, ಈಗ ಮುಖ ನೋಡ್ಲಿಕ್ಕೆ ಬಂದದ್ದಾ?" ಎಂದು ದಿಶಾಂತ್ ಬಾಯಿಯ ಮೇಲೆಯೇ ಹೊಡೆದ.

"ಬ್ರೇಕ್ ಸರಿ ಇತ್ತು ಮಗಾ. ನಾನೇ ಬಿಟ್ಟು ನೋಡಿ ಕೊಟ್ಟದ್ದು."

ಎರಡನೆಯ ಪೆಟ್ಟಿಗೆ ಪೋಕರ ಮೊಣಕಾಲೂರಿದ. ಹಿಂದಿನಿಂದ ಯಾರೋ ಒದ್ದರು. ಯಾರೆಂದು ನೋಡಲು ಅವನು ತಿರುಗಲಿಲ್ಲ. ಜಗಲಿಯ ಕಡೆಗೆ ಕಣ್ಣೆತ್ತಿ ಕೂಗಿದ: "ಸುಂದರಕ್ಕಾ, ನೀವು ಅದರಲ್ಲೇ ಇದ್ದದ್ದಲ್ವಾ? ಇಳಿಜಾರಲ್ಲಿ ಎಂಜಿನ್ ಬಂದ್ ಮಾಡಿದ್ದಾ? ಒಂದು ಮಾತು ಹೇಳಿ."

ತ್ಯಾಂಪಣ್ಣನ ಹೆಂಡತಿ ಸುಂದರಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮೊಣಕೈಗೆ ಏಳು ಹೊಲಿಗೆ, ಹಣೆಗೆ ಬ್ಯಾಂಡೇಜು. ಅವಳಿಗೆ ಮಾತು ಬರಲಿಲ್ಲ ಎಂದು ಎಲ್ಲರೂ ತಿಳಿದರು. ಮಾತು ಬಂದಿತ್ತು, ಅವಳು ನುಂಗಿದಳು. ಮೊನ್ನೆ ಪೊಲೀಸರು ಕೇಳಿದಾಗ "ಬ್ರೇಕ್ ಹಿಡೀಲಿಲ್ಲ" ಎಂದಷ್ಟೇ ಹೇಳಿದ್ದಳು. ಅದು ಸುಳ್ಳೇನೂ ಅಲ್ಲ. ಆದರೆ ಆ ಒಂದು ಮಾತೇ ಈಗ ಪೋಕರನ ಬೆನ್ನ ಮೇಲೆ ಬೀಳುತ್ತಿತ್ತು.

"ಸಾಯ್ಸಬೇಡಿ ಮಾರಾಯ್ರೆ," ಎಂದು ತ್ಯಾಂಪಣ್ಣನ ತಮ್ಮ ಬೆಳ್ಯಪ್ಪ ನಡುವೆ ಬಂದ. ಊರಿನವರ ಕಾಗದಪತ್ರವೆಲ್ಲ ಬರೆಯುವವನು ಅವನೇ. "ಪೊಲೀಸರಿಗೆ ಕೊಡುವ. ಕಂಪ್ಲೇಂಟ್ ಬರೆದಾಗಿದೆ. ಅತ್ತಿಗೆಯ ಸೈನ್ ಒಂದು ಬಾಕಿ ಉಂಟು. ಹೆಣ ಸುಡುವ ಮೊದಲು ಅದನ್ನೂ ಮುಗಿಸುವ."

ಪೋಕರನನ್ನು ಖಾಲಿಯಾಗಿದ್ದ ಜೀಪಿನ ಶೆಡ್ಡಿಗೆ ತಳ್ಳಿದರು. ಬಾಗಿಲಿಗೆ ಇಬ್ಬರು ಹುಡುಗರು ನಿಂತರು. ಒಬ್ಬನ ಕೈಯಲ್ಲಿ ಸೌದೆಯ ತುಂಡಿತ್ತು.

ಸುಳ್ಯದ ಆಸ್ಪತ್ರೆಯ ಪೋಸ್ಟ್‌ಮಾರ್ಟಂನಲ್ಲಿ ಕೊಯ್ದು ಹೊಲಿಸಿಕೊಂಡ ತ್ಯಾಂಪಣ್ಣ ಒಳಗೆ ಚಾಪೆಯ ಮೇಲೆ ಮಲಗಿದ್ದ. ಸ್ಟೇರಿಂಗ್ ಎದೆಗೆ ಹೊಕ್ಕಿತ್ತು. ಮುಖಕ್ಕೆ ಒಂದು ಗೀರೂ ಇರಲಿಲ್ಲ. ಬದುಕಿದ್ದಾಗ ಇದ್ದಂತೆಯೇ, ಯಾರಿಗೋ ಬೈಯಲು ಬಾಯಿ ತೆರೆಯುವವನ ಹಾಗೆ ಕಾಣುತ್ತಿದ್ದ.

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅವನ ಕತೆ ನಡೆದಿತ್ತು. ಸುಬ್ರಹ್ಮಣ್ಯದಿಂದ ಕೊಲ್ಲಮೊಗ್ರಿಗೆ ಮೂವತ್ತೆರಡು ವರ್ಷ ಜೀಪು ಬಿಟ್ಟವನು. ಆ ದಾರಿಯ ಬದಿಯಲ್ಲಿ ಹುಟ್ಟಿದವರು, ಸತ್ತವರು, ಮದುವೆಯಾದವರು ಎಲ್ಲರೂ ಒಂದಲ್ಲ ಒಂದು ದಿನ ಅವನ ಹಿಂದಿನ ಸೀಟಿನಲ್ಲಿ ಕೂತವರೇ.

"ಈ ಹಲ್ಲು ಹೋದದ್ದು ತ್ಯಾಂಪಣ್ಣನ ಕೈಯಲ್ಲಿ," ಎಂದು ಮುದುಕ ಬೋಜಪ್ಪ ತುಟಿ ಎತ್ತಿ ತೋರಿಸಿದ. "ಹಿಂದಿನ ಬಾಗಿಲು ಜೋರು ಬಡಿದೆ ಅಂತ. ಆದ್ರೆ ಹೊಳೆ ತುಂಬಿದ ದಿನ ನನ್ನ ಮಗಳನ್ನು ಹೆರಿಗೆಗೆ ಸುಳ್ಯಕ್ಕೆ ಮುಟ್ಟಿಸಿದ್ದೂ ಅವನೇ. ದಾರಿಯುದ್ದ ನನಗೆ ಬೈಗಳು. ಮಗು ಹುಟ್ಟಿದ ಮೇಲೆ ಆಸ್ಪತ್ರೆ ಮೆಟ್ಟಿಲಲ್ಲಿ ಕೂತು ಕಣ್ಣೀರು ಹಾಕಿ ಕೂಗಿದ, ಗೊತ್ತುಂಟಾ?"

"ಅವನ ಪೆಟ್ಟು ತಿನ್ನದವರು ಯಾರಿದ್ದಾರೆ ಇಲ್ಲಿ?" ಎಂದು ಇನ್ನೊಬ್ಬ ಕೇಳಿದ. ಎಲ್ಲರೂ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ದನಿ ತಗ್ಗಿಸಿದರು.

ಒಂದು ಹಲ್ಲು ಹೋದವನಿಗೆ ನಗು ಬರುತ್ತದೆ, ಬರಲಿ. ಮೂವತ್ತೊಂದು ವರ್ಷ ಒಂದೇ ಸೂರಿನಡಿ ಪೆಟ್ಟು ತಿಂದವಳನ್ನು ಮಾತ್ರ ಯಾರೂ ಕತೆ ಹೇಳು ಎನ್ನುವುದಿಲ್ಲ. ಸುಂದರಿಗೆ ಸಿಟ್ಟು ಬಂತು. ಗಂಡನ ಮೇಲೋ, ಬೋಜಪ್ಪನ ಮೇಲೋ, ಅವಳಿಗೇ ತಿಳಿಯಲಿಲ್ಲ.

ಸೊಸೆ ಸುಪ್ರಿತಾ ಬಂದು ಕಿವಿಯ ಹತ್ತಿರ ಬಗ್ಗಿದಳು. "ಅತ್ತೆ, ಪೋಕರಾಕನ ಬಾಯಲ್ಲಿ ರಕ್ತ ನಿಲ್ಲುದಿಲ್ಲ. ಸ್ವಲ್ಪ ನೀರು ಕೊಡ್ಲಾ?"

"ಕೊಡು."

ಅವಳು ಲೋಟ ಹಿಡಿದು ಶೆಡ್ಡಿನ ಬಾಗಿಲು ಮುಟ್ಟುವಷ್ಟರಲ್ಲಿ ದಿಶಾಂತ್ ಅದನ್ನು ತಟ್ಟಿ ಬೀಳಿಸಿದ. ಲೋಟ ಸಿಮೆಂಟಿನ ಮೇಲೆ ಉರುಳಿತು. ಸುಪ್ರಿತಾ ತಲೆ ತಗ್ಗಿಸಿ ಹಿಂದೆ ಬಂದಳು.

*

ಜೀಪಿನ ಹಳೆಯ ಎಂಜಿನ್ ಮುದಿಯಾಗಿತ್ತು. ನಾಲ್ಕು ಜನ ಹತ್ತಿದರೆ ಕೊಲ್ಲಮೊಗ್ರಿನ ಏರಿನಲ್ಲಿ ಕಪ್ಪು ಹೊಗೆ ಕಾರಿ ನಿಲ್ಲುತ್ತಿತ್ತು. ಹೆದ್ದಾರಿಯಲ್ಲಿ ಮಗುಚಿದ್ದ ಒಂದು ಪಿಕಪ್‌ನ ಎಂಜಿನ್, ನಾಲ್ಕೇ ವರ್ಷ ಹಳೆಯದು, ಪೋಕರನ ಕೈಗೆ ಸಿಕ್ಕಿತು. ಹೊಸ ಗುಂಡಿಗೆಯನ್ನು ಹಳೆಯ ಮೈಗೆ ಕೂರಿಸಲು ಅವನಿಗೆ ಮೂರು ವಾರ ಹಿಡಿಯಿತು. ಚಾಸಿಯ ಚೌಕಟ್ಟು ಕೊಯ್ದು, ಹೊಸ ಪಟ್ಟಿ ವೆಲ್ಡ್ ಮಾಡಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರಿಸುವ ದಪ್ಪ ತಗಡನ್ನು ತಾನೇ ಕಡೆದ. ಈ ಓಟಕ್ಕೆ ಹಳೆಯ ಬ್ರೇಕ್ ಸಾಲದೆಂದು ಜಗಳ ಮಾಡಿ ಅದನ್ನೂ ಬದಲಿಸಿದ.

ಕಳೆದ ತಿಂಗಳು ಗಾಡಿ ತರಲು ಹೋದಾಗ ಸುಂದರಿಯೂ ಇದ್ದಳು. ತ್ಯಾಂಪಣ್ಣ ಆಕ್ಸಿಲರೇಟರ್ ಒತ್ತಿದ. ಜೀಪು ಗುಡುಗಿತು. ಅವನು ಹಾರಿ ಇಳಿದು ಪೋಕರನ ಬೆನ್ನಿಗೆ ಗುದ್ದಿದ, ಪೋಕರ ತಿರುಗಿ ಗುದ್ದಿದ. ಇಬ್ಬರು ಮುದುಕರು ಗ್ಯಾರೇಜಿನ ನಡುವೆ ಹುಡುಗರ ಹಾಗೆ ಹೊಡೆದಾಡಿಕೊಂಡು ನಕ್ಕರು. ಅಷ್ಟು ಖುಷಿಯಲ್ಲಿ ಗಂಡನನ್ನು ಸುಂದರಿ ತನ್ನ ಮದುವೆಯ ದಿನವೂ ಕಂಡಿರಲಿಲ್ಲ.

ಆಮೇಲೆ ಪೋಕರ ಹೇಳಿದ: "ತ್ಯಾಂಪಣ್ಣ, ಒಂದು ಮಾತು. ಇಳಿಜಾರಲ್ಲಿ ಎಂಜಿನ್ ಬಂದ್ ಮಾಡುದು ಇನ್ನು ಬೇಡ. ಹಳೆ ಬ್ರೇಕ್ ಹಿಡೀತಿದ್ದದ್ದು ನಿಮ್ಮ ಕಾಲಿನ ಬಲದಲ್ಲಿ. ಇದಕ್ಕೆ ಬೂಸ್ಟರ್ ಉಂಟು, ಎಂಜಿನ್ ತಿರುಗ್ತಾ ಇದ್ರೆ ಮಾತ್ರ ಅದಕ್ಕೆ ಜೀವ. ಬಂದ್ ಮಾಡಿದ್ರೆ ಎರಡು ಸಲ ಹಿಡಿದೀತು. ಮೂರನೇ ಸಲ ಪೆಡಲ್ ಕಲ್ಲಾಗ್ತದೆ."

"ನೀನು ನನಗೆ ಗಾಡಿ ಬಿಡ್ಲಿಕ್ಕೆ ಕಲಿಸುದಾ?"

ಕೈಗೆ ಸಿಕ್ಕಿದ ಜ್ಯಾಕಿನ ಹಿಡಿಯನ್ನು ತ್ಯಾಂಪಣ್ಣ ಬೀಸಿ ಒಗೆದ. ಅದು ಪೋಕರನ ಮೊಣಕಾಲ ಕೆಳಗೆ ತಾಗಿತು. ಪೋಕರ ಕುಂಟುತ್ತಾ ಬಂದು ಸುಂದರಿಯ ಎದುರು ನಿಂತು ಮತ್ತೊಮ್ಮೆ ಹೇಳಿದ: "ಅಕ್ಕಾ, ನೀವಾದ್ರೂ ನೆನಪಿಡಿ."

ಅವಳಿಗೆ ಹೇಳಿದ್ದಕ್ಕೆ ಕಾರಣವಿತ್ತು. ಇಳಿಜಾರು ಬಂದೊಡನೆ ಗೇರ್ ತೆಗೆದು, ಎಂಜಿನ್ ಬಂದ್ ಮಾಡಿ, ಡೀಸೆಲ್ ಉಳಿಸಿ ಉರುಳಿಸುವುದು ತ್ಯಾಂಪಣ್ಣನ ಲಾಗಾಯ್ತಿನ ಕ್ರಮ. ಅವಳು ಪಕ್ಕದಲ್ಲಿ ಕೂತ ದಿನ ಕೀ ತಿರುಗಿಸುವ ಕೆಲಸ ಅವಳದ್ದು. ಮದುವೆಯ ವಾರವೇ ಅದನ್ನು ಕಲಿಸಿದ್ದ. ಕಲಿಸಿದ್ದು ಹೇಗೆ ಎಂದು ಬೇರೆ ಹೇಳಬೇಕಾಗಿಲ್ಲ.

*

ಹೆಣವನ್ನು ಅಂಗಳಕ್ಕೆ ತಂದರು. ನೀರು ಹೊಯ್ದರು. ಹೆಂಗಸರು ಸುಂದರಿಯನ್ನು ಎಬ್ಬಿಸಿ ತಂದು ಬಾಯಿಗೆ ತುಳಸಿ ನೀರು ಬಿಡಿಸಿದರು. ಆ ತಣ್ಣನೆಯ ತುಟಿ ಬೆರಳಿಗೆ ತಾಗಿದಾಗ ಅವಳಿಗೆ ಅಳು ಒತ್ತಿ ಬಂತು. ನಾಟಕದ ಅಳುವಲ್ಲ ಅದು. ಇವನಿಲ್ಲದೆ ನಾಳೆ ಬೆಳಗ್ಗೆ ಯಾರಿಗೆ ಹೆದರಿ ಏಳುವುದು ಎಂದು ಗೊತ್ತಾಗದೆ ಅತ್ತಳು.

ಶೆಡ್ಡಿನ ಕಡೆಯಿಂದ ಪೋಕರ ನರಳುವುದು ಕೇಳುತ್ತಿತ್ತು. ಹುಡುಗರು ಕಾದು ಕಾದು ಬೇಸರ ಬಂದು ನಡುನಡುವೆ ಕೈ ಮಾಡುತ್ತಿದ್ದರು.

ಬೆಳ್ಯಪ್ಪ ಕಾಗದವನ್ನೂ ಪೆನ್ನನ್ನೂ ಹಿಡಿದು ಬಗ್ಗಿದ. "ಅತ್ತಿಗೆ, ಇಲ್ಲೊಂದು ಸೈನ್ ಹಾಕಿ. ಪೊಲೀಸರು ಕಡಬದಿಂದ ಹೊರಟಿದ್ದಾರಂತೆ. ಬ್ರೇಕ್ ಕೆಲಸ ಸರಿ ಮಾಡದೆ ಗಾಡಿ ಕೊಟ್ಟ ಅಂತ ಬರೆದದ್ದು. ಹತ್ತು ವರ್ಷ ಒಳಗೆ ಕೂರ್ಲಿ."

ಪೆನ್ನು ಅವಳ ಬೆರಳಿನ ನಡುವೆ ಬಂತು.

*

ಮೊನ್ನೆ ಮಧ್ಯಾಹ್ನ ಕೊಲ್ಲಮೊಗ್ರಿನಿಂದ ಇಬ್ಬರೇ ಮರಳುತ್ತಿದ್ದರು. ಇಳಿಜಾರಿನ ತಲೆಗೆ ಬಂದಾಗ ತ್ಯಾಂಪಣ್ಣ ಗೇರ್ ತೆಗೆದು ಗಲ್ಲ ಆಡಿಸಿದ. ಕೀ ತಿರುಗಿಸು ಎಂದು ಅರ್ಥ.

"ಪೋಕರಾಕ ಬೇಡ ಅಂತ ಹೇಳಿದ್ದಾರಲ್ವಾ?"

ಎಡಗೈ ಬೀಸಿ ಬಂತು. ಮೂಗುಬೊಟ್ಟು ಒಳಗೆ ಚುಚ್ಚಿ ಕಣ್ಣು ಕತ್ತಲೆಯಾಯಿತು. ಅವಳ ಕೈ ತಾನಾಗಿ ಮುಂದೆ ಹೋಗಿ ಕೀ ತಿರುಗಿಸಿತು. ಎಂಜಿನ್ ಸುಮ್ಮನಾಯಿತು. ಗಾಳಿಯ ಸದ್ದು ಮಾತ್ರ ಉಳಿಯಿತು.

ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯಿತು. ಎರಡನೆಯದರಲ್ಲಿ ಅರ್ಧ ಹಿಡಿಯಿತು. ಆಮೇಲೆ ತ್ಯಾಂಪಣ್ಣ ಪೆಡಲಿನ ಮೇಲೆ ಎದ್ದು ನಿಂತರೂ ಅದು ಅಲುಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ, ಸುಟ್ಟ ವಾಸನೆ ಬಂತೇ ಹೊರತು ಓಟ ತಗ್ಗಲಿಲ್ಲ.

"ಕೀ! ಕೀ ತಿರುಗಿಸು! ಆನ್ ಮಾಡು ಮಾರಾಯ್ತಿ!"

ಅವಳ ಕೈ ಇನ್ನೂ ಕೀಯ ಮೇಲೆಯೇ ಇತ್ತು. ಒಂದು ಸುತ್ತು ತಿರುಗಿಸಿದ್ದರೆ ಎಂಜಿನ್ ಏಳುತ್ತಿತ್ತು. ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಮೂಗಿನಿಂದ ರಕ್ತ ಸುರಿದು ತುಟಿಗೆ ಉಪ್ಪು ತಾಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗಂಡ ಹೆದರಿದ್ದನ್ನು ಅವಳು ನೋಡುತ್ತಿದ್ದಳು. ನೋಡುತ್ತಲೇ ಕೂತಳು. ತಿರುವಿನ ಕಲ್ಲು ಎದುರು ಬಂದಾಗ ಕೀ ಬಿಟ್ಟು ಹೊರಗೆ ಹಾರಿದಳು.

*

ಸುಂದರಿ ಪೆನ್ನನ್ನು ಕೆಳಗಿಟ್ಟು ಎದ್ದಳು. ಹೊಲಿಗೆ ಹಾಕಿದ ಕೈಯನ್ನು ಎದೆಗೆ ಒತ್ತಿ ಹಿಡಿದು ನೇರ ಶೆಡ್ಡಿಗೆ ನಡೆದಳು. ಸೌದೆ ಹಿಡಿದ ಹುಡುಗ ದಾರಿ ಬಿಟ್ಟ. ಪೋಕರನ ಒಂದು ಕಣ್ಣು ಬಾತು ಮುಚ್ಚಿತ್ತು.

"ದಿಶಾ, ಇವರನ್ನು ಬಿಡು. ಎಂಜಿನ್ ಬಂದ್ ಮಾಡಿದ್ದು ನಾನು."

"ಅಮ್ಮಾ, ನಿನಗೆ ತಲೆಗೆ ಪೆಟ್ಟಾಗಿದೆ. ಒಳಗೆ ಹೋಗು."

"ತಲೆ ಸರಿ ಉಂಟು. ಬಂದ್ ಮಾಡಬೇಡಿ ಅಂತ ಪೋಕರಾಕ ಎರಡು ಸಲ ಹೇಳಿದ್ದಾರೆ. ನಿನ್ನ ಅಪ್ಪನಿಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ಆದ್ರೂ ನಿನ್ನ ಅಪ್ಪ ಆಫ್ ಮಾಡು ಅಂದ್ರು. ಬೇಡ ಅಂದದ್ದಕ್ಕೆ ಹೊಡೆದ್ರು. ನಾನು ಮಾಡಿದೆ. ಬ್ರೇಕ್ ಕಲ್ಲಾಯ್ತು." ಅವಳು ಉಸಿರೆಳೆದುಕೊಂಡಳು. "ಮತ್ತೆ ಆನ್ ಮಾಡು ಅಂತ ಬೊಬ್ಬೆ ಹಾಕಿದ್ರು. ನಾನು ಮಾಡ್ಲಿಲ್ಲ."

ಅಂಗಳದಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಬೆಳ್ಯಪ್ಪ ಅವಸರದಲ್ಲಿ ಮುಂದೆ ಬಂದ. "ಕೀ ಕೈಗೆ ಸಿಕ್ಕಿರ್ಲಿಕ್ಕಿಲ್ಲ ಪಾಪ. ಗಾಬರಿಯಲ್ಲಿ ಎಂತ ಗೊತ್ತಾಗ್ತದೆ? ಅಲ್ವಾ ಅತ್ತಿಗೆ?"

"ಕೈ ಕೀಯ ಮೇಲೇ ಇತ್ತು ಬೆಳ್ಯಪ್ಪ."

ದಿಶಾಂತ್ ನುಗ್ಗಿ ಬಂದ. ಮುಖ ಕಪ್ಪಿಟ್ಟಿತ್ತು. ಎತ್ತಿದ ಕೈ ತಾಯಿಯ ಮೇಲೆ ಬೀಳುತ್ತಿತ್ತೋ ಏನೋ, ಸುಪ್ರಿತಾ ಓಡಿ ಬಂದು ನಡುವೆ ನಿಂತು "ಬೇಡ ಮಾರಾಯ್ರೆ, ಅತ್ತೆ ಅವರು" ಎಂದಳು. ಆ ಪೆಟ್ಟು ಅವಳ ಕಿವಿಗೆ ಬಿತ್ತು. ಅವಳು ಗೋಡೆಗೆ ಹೋಗಿ ಬಡಿದಳು.

ಸುಪ್ರಿತಾ ಕಿರುಚಲಿಲ್ಲ. ಕಿವಿ ಮುಟ್ಟಿಕೊಳ್ಳಲಿಲ್ಲ. ಜಾರಿದ ಸೆರಗನ್ನು ಸರಿ ಮಾಡಿಕೊಂಡು ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು. ಅದನ್ನು ನೋಡಿಯೇ ಸುಂದರಿಗೆ ತಿಳಿಯಿತು, ಇದು ಮೊದಲನೆಯ ಪೆಟ್ಟಲ್ಲ. ಒಂದೇ ಮನೆಯಲ್ಲಿದ್ದು ಎರಡು ವರ್ಷ ತಾನು ಎಂತ ನೋಡಿದ್ದು ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಕೈ ಎದ್ದಿತ್ತು.

ಸುಂದರಿ ಮಗನಿಗೆ ಹೊಡೆದಳು. ಹೊಲಿಗೆ ಬಿಚ್ಚಿ ರಕ್ತ ಮೊಣಕೈಯಿಂದ ಇಳಿಯುವಷ್ಟು ಬಲವಾಗಿ ಹೊಡೆದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಅವನ ಮೈ ಮೇಲೆ ಕೈ ಮಾಡಿದ್ದು ಅದೇ ಮೊದಲು.

"ನೀನು ಕೊಳ್ಳಿ ಇಡುವ ಮಗ. ಹೋಗು, ಇಡು," ಎಂದಳು. "ಇನ್ನೊಮ್ಮೆ ಅವಳಿಗೆ ಕೈ ಎತ್ತಿದ್ರೆ ನಾನು ಇದ್ದೇನೆ. ಪೊಲೀಸರು ಬರ್ಲಿ, ಅವರಿಗೂ ನಾನೇ ಹೇಳ್ತೇನೆ. ಎಂತ ಮಾಡ್ತಾರೋ ಮಾಡ್ಲಿ."

ಬೆಳ್ಯಪ್ಪ ಕಾಗದವನ್ನು ಮಡಚಿ ಕಿಸೆಗೆ ಹಾಕಿದ. ಪೋಕರ ಗೋಡೆ ಹಿಡಿದು ಎದ್ದು, ಕುಂಟುತ್ತಾ ಹೆಣದ ಹತ್ತಿರ ಹೋಗಿ, ಒಂದೇ ಕಣ್ಣಿನಲ್ಲಿ ತ್ಯಾಂಪಣ್ಣನನ್ನು ನೋಡಿದ. "ಹೇಳಿದೆ ಅಲ್ವಾ ಮಾರಾಯ್ರೆ ನಿಮಗೆ," ಎಂದು ಬಿಕ್ಕಿದ. ಈ ಸಲ ಅವನನ್ನು ಯಾರೂ ಎಳೆಯಲಿಲ್ಲ.

ಚಿತೆ ಗದ್ದೆಯ ಅಂಚಿನಲ್ಲಿತ್ತು, ಅಂಗಳಕ್ಕೆ ಎದುರೇ. ದಿಶಾಂತ್ ಒದ್ದೆ ಬಟ್ಟೆಯಲ್ಲಿ, ನೀರು ತುಂಬಿದ ಮಡಕೆಯನ್ನು ಎಡ ಹೆಗಲಿಗೇರಿಸಿ ಸುತ್ತು ಹಾಕಿದ. ಬೆಳ್ಯಪ್ಪ ಸುತ್ತಿಗೊಂದರಂತೆ ಕತ್ತಿಯ ಮೊನೆಯಿಂದ ಮಡಕೆಗೆ ತೂತು ಹೊಡೆದ. ದಿಶಾಂತ್ ಮಡಕೆಯನ್ನು ಕೆನ್ನೆಗೆ ಒತ್ತಿಯೇ ಹಿಡಿದಿದ್ದ. ಮೂರನೆಯ ಸುತ್ತು ಮುಗಿದಾಗ ಅದನ್ನು ಬೆನ್ನ ಹಿಂದೆ ಬಿಡಲೇಬೇಕಾಯಿತು. ಮಡಕೆ ಒಡೆಯಿತು. ಕೊಳ್ಳಿ ತೆಗೆದುಕೊಳ್ಳಲು ಅವನು ಜನರ ಕಡೆಗೆ ತಿರುಗಿದ. ಎಡ ಕೆನ್ನೆಯಲ್ಲಿ ಐದು ಬೆರಳು ಕೆಂಪಗೆ ಎದ್ದು, ಅಂಗಳದಲ್ಲಿ ನಿಂತ ಅಷ್ಟು ಜನರಿಗೂ ಕಾಣುತ್ತಿದ್ದವು.