ಮೇಜಿನ ಮೇಲಲ್ಲ

ಮೀಸೆಯ ಎಡಭಾಗ ಕಿತ್ತು ಬಂತು, ಬಲಭಾಗ ಬರಲಿಲ್ಲ, ಅಂಟು ಒಣಗಿ ತುಟಿಯ ಮೇಲೆ ಕಚ್ಚಿಕೊಂಡಿದೆ, ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ತಾನಾಗಿಯೇ ಬಿಡುತ್ತದೆ ಎಂದು ನರ್ಸಮ್ಮ ನೂರು ಸಲ ಹೇಳಿದ್ದಾರೆ, ಸುಮ್ಮನಿರುವುದೇ ಇವತ್ತು ಆಗದ ಕೆಲಸ, ಎಳೆದಳು, ಕಣ್ಣಲ್ಲಿ ನೀರು ಬಂತು, ಕನ್ನಡಿಯಲ್ಲಿ ಅರ್ಧ ಗಂಡಸು, ಅರ್ಧ ಹೆಂಗಸು — ಬೇರೆ ದಿನವಾಗಿದ್ದರೆ ಇದೇ ಅವತಾರದಲ್ಲಿ ಹೊರಗೆ ಹೋಗಿ ಎಲ್ಲರನ್ನೂ ನಗಿಸುತ್ತಿದ್ದಳು, ಮೀಸೆರಾಯರು ಬಂದ್ರು, ದಾರಿ ಬಿಡ್ರೇ ಎಂದು ಸೊಪ್ಪು ಮಾರುವ ಸೊಪ್ಪಿನಕ್ಕ ಕೂಗುತ್ತಿದ್ದಳು, ತಂಡದ ಎಲ್ಲ ನಾಟಕದಲ್ಲೂ ಗಂಡಸಿನ ಪಾತ್ರ ಇವಳದೇ, ಗಂಡ, ಮೇಸ್ತ್ರಿ, ಠಾಣೆಯ ಸಾಹೇಬ, ಒಂದೇ ಮೀಸೆ ಎಲ್ಲರಿಗೂ ಸಾಕು ಎಂಬುದು ಅವರ ಹಳೆಯ ತಮಾಷೆ, ಇವತ್ತು ಯಾರೂ ಕೂಗುತ್ತಿಲ್ಲ, ಸಭಾಂಗಣದಲ್ಲಿ ಕುರ್ಚಿ ಮಡಚುವ ಸದ್ದು, ಮೆಲ್ಲಗೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ಪಾತ್ರೆ ಎತ್ತಿಡುವ ಹಾಗೆ, ಮತ್ತೆ ಅಕ್ಕನ ಕೈ, ಮುಂದೆ ಬಂದು, ಅರ್ಧದಲ್ಲಿ ನಿಂತು, ಬೆನ್ನ ಹಿಂದೆ ಹೋದ ಆ ಕೈ — ಬೇಡ, ಮೊದಲು ಮೀಸೆ.

ಅಕ್ಕ ಬರುವುದಿಲ್ಲ ಅಂದಿದ್ದಳು, ಅದಂತೂ ಸತ್ಯ, ಈ ಸಲ ನಿಮ್ಮ ಬೀದಿಯಲ್ಲೇ ನಾಟಕ ಕಣಕ್ಕ, ಸಮುದಾಯ ಭವನದಲ್ಲಿ ಎಂದಾಗ ನಂಗೆಲ್ಲಿ ಬಿಡುವು ಪುಟ್ಟಿ, ನಿಮ್ಮ ಭಾವನ ಬಟ್ಟೆ ಇಸ್ತ್ರಿ ಮಾಡೋದು ರಾಶಿ ಬಿದ್ದಿದೆ ಅಂದಳು, ಅದನ್ನು ಕೇಳಿ ಇವಳಿಗೆ ಎಷ್ಟು ಹಗುರವಾಯಿತೆಂದರೆ ದಾರಿಯುದ್ದಕ್ಕೂ ಹಾಡು ಗುನುಗಿಕೊಂಡು ಹೋದಳು, ತನ್ನ ನಾಟಕಕ್ಕೆ ಸ್ವಂತ ಅಕ್ಕ ಬರುವುದಿಲ್ಲ ಎಂದರೆ ಯಾರಾದರೂ ಹಾಡುತ್ತಾರೆಯೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಬುದ್ಧಿ ಅದು, ಆಗಲೇ ಗೊತ್ತಾಗಬೇಕಿತ್ತು. ಭಾವ ಕರೆಂಟಿನ ಲೈನ್‌ಮನ್, ಗಾಳಿಗೆ ತಂತಿ ಹರಿದರೆ ಅರ್ಧ ಊಟದಲ್ಲಿ ಎದ್ದು ಓಡುವವನು, ದೀಪ ಬಂದಾಗ ಬೀದಿಯ ಮುದುಕಿಯರೆಲ್ಲ ಅವನ ಹೊಟ್ಟೆ ತಣ್ಣಗಿರಲಿ ಎನ್ನುತ್ತಾರೆ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಗಾದೆ ಕಟ್ಟಿದವರು ಯಾರೋ, ಅವರ ಪಕ್ಕದ ಮನೆಯಲ್ಲೂ ಒಬ್ಬ ಲೈನ್‌ಮನ್ ಇದ್ದಿರಬೇಕು, ಆದರೆ ಇಷ್ಟನ್ನೇ ಹೇಳಿ ಬಾಯಿ ಮುಚ್ಚಿಕೊಂಡರೆ ಅದೂ ಸುಳ್ಳು, ಅಮ್ಮ ಹೋದ ಮೇಲೆ ಇವಳನ್ನು ತಮ್ಮ ಮನೆಗೆ ಕರೆದುಕೊಂಡು ಬಂದವನು ಅವನೇ, ಸೈಕಲ್ಲಿನ ಸೀಟು ಹಿಡಿದು ಬಿಡಲ್ಲ, ಬಿಡಲ್ಲ ಪುಟ್ಟಿ ಎನ್ನುತ್ತ ಬೀದಿಯುದ್ದಕ್ಕೂ ಓಡಿದವನು ಅವನೇ, ಹೊಲಿಗೆ ಕಲಿಯುತ್ತೇನೆ ಎಂದಾಗ ಮೆಷಿನ್ನು ಹೊತ್ತು ತಂದವನು, ಇವತ್ತು ಇವಳು ಶಾಲೆಯ ಮಕ್ಕಳ ಬಟ್ಟೆ ಹೊಲಿದು ತನ್ನ ಕಾಲ ಮೇಲೆ ನಿಂತಿದ್ದರೆ ಅದು ಅದೇ ಮೆಷಿನ್ನಿನ ಮುಂದೆ ಕೂತೇ, ಇವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆ ಮನೆಯಲ್ಲಿ ಒಂದು ಒಪ್ಪಂದ ಇತ್ತು, ಯಾರೂ ಬಾಯಿ ಬಿಟ್ಟು ಆಡದ ಒಪ್ಪಂದ, ಅಕ್ಕನಿಗೆ ಏನೂ ಆಗುವುದಿಲ್ಲ, ತಂಗಿ ಏನೂ ನೋಡುವುದಿಲ್ಲ, ಬೆಳಿಗ್ಗೆ ಅಕ್ಕ ಜಡೆ ಹಾಕಲು ಕೂರಿಸಿಕೊಂಡರೆ ಕನ್ನಡಿಯನ್ನು ಸ್ವಲ್ಪ ಬಗ್ಗಿಸಿ ಇಡುತ್ತಿದ್ದಳು, ತಂಗಿಯ ಮುಖ ಮಾತ್ರ ಕಾಣುವ ಹಾಗೆ.

ತಾಲೀಮಿನಲ್ಲಿ ಕೇಳಿದ್ದು ನರ್ಸಮ್ಮ, ನಿವೃತ್ತಿಯಾದ ಮೇಲೆ ಈ ತಂಡ ಕಟ್ಟಿದವರು, ಗಾಯಕ್ಕೆ ಪಟ್ಟಿ ಕಟ್ಟಿ ಕಟ್ಟಿ ಸಾಕಾಯ್ತು, ಈಗ ಗಾಯ ಮಾಡೋರನ್ನ ವಿಚಾರಿಸ್ಕೊಳ್ಳೋಣ ಎನ್ನುವವರು, ವಾರದಲ್ಲಿ ಒಂದು ದಿನ ಯಾರ ಜೊತೆಗೋ ಠಾಣೆಗೆ, ಒಂದು ದಿನ ಹೆಂಗಸರ ಕೂಲಿ ಹಿಡಿದಿಟ್ಟುಕೊಂಡವನ ಬಾಗಿಲಿಗೆ, ಭಾನುವಾರ ನಾಟಕ, ಅವತ್ತು ಇವಳಿಗೆ, ನೋಡು, ಹೊಡೆಯೋದನ್ನ ತೋರಿಸ್ಬೇಡ, ಅದು ಎಲ್ರಿಗೂ ಗೊತ್ತು, ಹೊಡೆಯೋಕೆ ಮುಂಚೆ ಗಂಡ ಏನ್ ಮಾಡ್ತಾನೆ, ಅದನ್ನ ತೋರ್ಸು ಅಂದರು, ಇವಳು ಯೋಚಿಸಲೇ ಇಲ್ಲ, ಬಲಗೈ ತಾನಾಗಿಯೇ ಎಡ ಮಣಿಕಟ್ಟಿಗೆ ಹೋಯಿತು, ವಾಚಿನ ಪಟ್ಟಿ ಬಿಚ್ಚಿತು, ಅವಸರವಿಲ್ಲದೆ, ಸ್ನಾನಕ್ಕೆ ಹೊರಟವನ ಹಾಗೆ, ಗಾಜಿನ ಮೇಲೆ ಒಮ್ಮೆ ಹೆಬ್ಬೆರಳು ಸವರಿ ಮೇಜಿನ ಮೇಲೆ ಇಟ್ಟಳು, ಟಕ್, ಹೆಂಡತಿಯ ಪಾತ್ರದ ಸೊಪ್ಪಿನಕ್ಕ ನಿಂತಲ್ಲೇ ಬೆವತಳು, ಅಯ್ಯೋ, ಎಲ್ಲಿಂದ ತಂದ್ಯೇ ಇದನ್ನ. ಸುಮ್ನೆ ಬಂತು. ಸುಮ್ನೆ ಯಾವುದೂ ಬರಲ್ಲ ಎಂದ ನರ್ಸಮ್ಮ ಕನ್ನಡಕದ ಮೇಲಿನಿಂದ ನೋಡಿದರು, ತಂಡದ ಕಟ್ಟುನಿಟ್ಟು ಇವಳಿಗೂ ಗೊತ್ತು, ಯಾರ ಬದುಕಿನ ಚೂರನ್ನಾದರೂ ನಾಟಕಕ್ಕೆ ತಂದರೆ ಮೊದಲು ಅವರನ್ನು ಕೇಳಬೇಕು, ಅವರು ಹೂಂ ಅಂದ ಮೇಲೆಯೇ, ಆದರೆ ಕೇಳುವುದೆಂದರೆ ಏನು, ಅಕ್ಕ, ನಾನು ಒಳಗಿನ ಕೋಣೆಯ ಬಾಗಿಲ ಸಂದಿಯಿಂದ ಎಲ್ಲ ನೋಡ್ತಿದ್ದೆ ಎಂದು ಹೇಳುವುದು, ಅದನ್ನು ಹೇಳಲು ನಾಲಗೆ ಎಲ್ಲಿಂದ ತರುವುದು, ನೋಡಿದ ಕಣ್ಣು ನನ್ನದೇ ತಾನೇ, ನನ್ನ ಕಣ್ಣಿಗೆ ನಾನೇ ಒಡತಿ ಎಂದು ತನಗೆ ತಾನೇ ಲಾಯರಾಗಿ ವಾದಿಸಿ, ತಾನೇ ಜಡ್ಜಿಯಾಗಿ ಗೆಲ್ಲಿಸಿಕೊಂಡಳು.

ಎಣ್ಣೆ ಮುಂಗೈವರೆಗೂ ಇಳಿಯುತ್ತಿದೆ, ವಾಚು ಇಲ್ಲೇ ಕನ್ನಡಿಯ ಮುಂದೆ, ಕೆಟ್ಟು ನಿಂತ ವಾಚು, ಹಳೆ ಸಾಮಾನಿನವನ ಹತ್ತಿರ ತಂದದ್ದು, ಇದನ್ನೇ ಇವತ್ತು ಮೇಜಿನ ಮೇಲೆ ಇಟ್ಟಾಗ ಅಷ್ಟು ಹೊತ್ತು ಗಂಡನ ಠೀವಿಗೆ ನಗುತ್ತಿದ್ದ ಹೆಂಗಸರು ಒಮ್ಮೆಗೇ ಸುಮ್ಮನಾದರು, ಇವರ ತಂಡದ ನಾಟಕವೇ ಹೀಗೆ, ಮೊದಲ ಸಲ ಕೆಟ್ಟದ್ದೆಲ್ಲ ಆಗಿ ಮುಗಿಯುತ್ತದೆ, ಎರಡನೇ ಸಲ ಮೊದಲಿಂದ ಆಡುತ್ತಾರೆ, ನೋಡಲಾಗದವರು ನಿಲ್ಸಿ ಅಂದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಕೂಗಿದವಳು ಮೇಲೆ ಬಂದು ಹಳದಿ ಬಟ್ಟೆ ಹೊದ್ದರೆ ಹೆಂಡತಿ ಅವಳೇ, ತನಗೆ ತೋಚಿದ್ದು ಮಾಡಿ ನೋಡಬಹುದು, ಹೋದ ವಾರ ಒಬ್ಬ ಅಜ್ಜಿ ಬಂದು ಗಂಡನ ಜುಟ್ಟು ಹಿಡಿದು ಗಿರಗಿರ ತಿರುಗಿಸಿದ್ದಳು, ಕತ್ತು ಇನ್ನೂ ನೋಯುತ್ತದೆ, ಇವತ್ತೂ ಅಂಥ ಒಂದು ಗಟ್ಟಿಗಿತ್ತಿ ಎದ್ದು ಬರಲಿ ಎಂದು ಕಾಯುತ್ತ ಎರಡನೇ ಸಲ ವಾಚು ಇಟ್ಟಳು, ಟಕ್, ನಿಲ್ಸಿ ಎಂದಿತು ಹಿಂದಿನಿಂದ ಒಂದು ದನಿ, ಗಟ್ಟಿಯಾಗಿ ಅಲ್ಲ, ಬಸ್ಸಿನಲ್ಲಿ ತನ್ನ ನಿಲ್ದಾಣ ಬಂತೆಂದು ಸಂಕೋಚದಿಂದ ಹೇಳುವ ಹಾಗೆ, ನಿಂತಲ್ಲೇ ನಿಲ್ಲಬೇಕು, ಕತ್ತು ತಿರುಗಿಸುವ ಹಾಗಿಲ್ಲ, ಆದರೂ ಆ ಚಪ್ಪಲಿಯ ಸದ್ದು ಗೊತ್ತು, ಎಡಗಾಲು ಸ್ವಲ್ಪ ಎಳೆಯುವ ಸದ್ದು, ಅಕ್ಕ, ಕೈಯಲ್ಲಿ ಇನ್ನೂ ಅಂಗಡಿಯ ಚೀಲ. ಬಾಮ್ಮ, ಏನ್ ಬದಲಾಯಿಸ್ತೀಯ ಎಂದರು ನರ್ಸಮ್ಮ, ಹಳದಿ ಬಟ್ಟೆ ಹೊದಿಸುತ್ತ. ಬದಲಾಯಿಸೋಕೆ ಬಂದಿಲ್ಲ, ತಪ್ಪಾಗಿದೆ, ಅದನ್ನ ಹೇಳೋಕೆ ಬಂದೆ, ಮೇಜಿನ ಮೇಲಲ್ಲ ಅಂದಳು ಅಕ್ಕ, ಅಂದು ಚೀಲವನ್ನು ಕಾಲ ಬಳಿ ಇಟ್ಟಳು, ವಾಚು ಮೇಜಿನ ಮೇಲಿಡಲ್ಲ, ಹೆಂಡ್ತಿ ಕೈಗೆ ಕೊಡ್ತಾನೆ, ಹಿಡ್ಕೊ ಅಂತಾನೆ, ಮುಗಿಯೋವರೆಗೂ ಅವಳು ಹಿಡ್ಕೊಂಡಿರ್ಬೇಕು, ಬೀಳಿಸಿದ್ರೆ ಅದಕ್ಕೆ ಬೇರೆ. ಅಕ್ಕ ಇವಳ ಕಡೆ ನೋಡಲಿಲ್ಲ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ, ಮುಂದಿನ ಸಾಲಿನ ಮುದುಕಿಯರು ನೆಲ ನೋಡುತ್ತಿದ್ದರು, ಹೊಟ್ಟೆ ತಣ್ಣಗಿರಲಿ ಎಂದ ಬಾಯಿಗಳು.

ಬಾಗಿಲ ಸಂದಿಯಿಂದ ಕಂಡದ್ದು ಪಟ್ಟಿ ಬಿಚ್ಚಿ ಗಾಜು ಸವರುವವರೆಗೆ, ಅಲ್ಲಿಂದ ಅಕ್ಕನ ಕಡೆ ತಿರುಗಿದ ಭಾವನ ಬೆನ್ನು ಮಾತ್ರ, ಮೊಣಕೈ ಆಡಿದ್ದು, ಆಮೇಲೆ ಟಕ್, ಆ ಟಕ್ಕಿಗೆ ಮೇಜು ಇವಳೇ ಕಲ್ಪಿಸಿ ಇಟ್ಟುಕೊಂಡದ್ದು, ಮೇಜಲ್ಲ, ಅದು ಅಕ್ಕನ ಬಳೆಗೆ ವಾಚು ತಾಗಿದ ಸದ್ದು, ಇಷ್ಟು ವರ್ಷ ಗೊತ್ತು ಗೊತ್ತು ಎಂದು ಎದೆಯಲ್ಲಿ ಹೊತ್ತು ತಿರುಗಿದ್ದರಲ್ಲಿ ಅಸಲಿ ಚೂರೇ ಇರಲಿಲ್ಲ, ಒಂದು ಕೈಯಲ್ಲಿ ವಾಚು ಹಿಡಿದವಳಿಗೆ ಏಟು ಬಂದಾಗ ಅಡ್ಡ ಹಿಡಿಯಲು ಉಳಿಯುವುದು ಒಂದೇ ಕೈ, ಅದೂ ವಾಚಿಗೆ ತಾಗೀತೆಂದು ಅಡ್ಡ ಬರದೇ ಇರುವ ಕೈ, ಅಯ್ಯೋ ಅಕ್ಕ. ಸರಿ, ಸರಿಯಾಗೇ ಆಡೋಣ, ಮತ್ತೆ ವಾಚು ತೆಗಿ ಎಂದರು ನರ್ಸಮ್ಮ, ಆಟ ಬಿಡುವವರಲ್ಲ ಅವರು, ಇವಳು ಮತ್ತೆ ಕಟ್ಟಿ, ಮತ್ತೆ ಬಿಚ್ಚಿ, ಗಾಜು ಸವರಿ, ಅಕ್ಕನ ಮುಂದೆ ಚಾಚಿದಳು, ಹಿಡ್ಕೊ. ಅಕ್ಕನ ಬಲಗೈ ಎದ್ದಿತು, ಅಭ್ಯಾಸಬಲದಿಂದ, ಅಂಗೈ ಮೇಲೆ ಮಾಡಿ, ಅರ್ಧ ದಾರಿ ಬಂತು, ನಿಂತಿತು, ಹಿಂದೆ ಹೋಯಿತು, ಎಡಗೈಯೂ ಹಿಂದೆ ಹೋಯಿತು, ಬೆನ್ನ ಹಿಂದೆ ಏನಾಗುತ್ತಿದೆಯೋ ಕಾಣಲಿಲ್ಲ. ಆಗಲೇ ವಾಚು ಎಸೆದು ಕಾಲಿಗೆ ಬೀಳಬೇಕಿತ್ತು, ಆದರೆ ಗಂಡನ ಪಾತ್ರದವಳಿಗೆ ತಂಡದಲ್ಲಿ ಇರುವುದು ಒಂದೇ ಆಣೆ, ಸುಲಭವಾಗಿ ಸೋಲಬಾರದು, ಸುಳ್ಳೇ ಸೋತ್ರೆ ಅವಳು ಅದನ್ನೇ ನಂಬ್ಕೊಂಡು ಮನೆಗೆ ಹೋಗ್ತಾಳೆ, ಅಲ್ಲಿರೋನು ನಿನ್ ಹಾಗೆ ಸೋಲಲ್ಲ, ಏಟು ತಿನ್ನೋಳು ಅವಳು ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದು, ಅದಕ್ಕೇ ಮತ್ತೊಮ್ಮೆ ಹೇಳಿದಳು, ಹಿಡ್ಕೊ ಅಂದ್ನಲ್ಲ, ಸ್ವಲ್ಪ ನಗುತ್ತ, ಸ್ವಲ್ಪ ದಣಿದ ದನಿಯಲ್ಲಿ, ಅದು ಭಾವನದೇ ದನಿ, ಇವಳ ಗಂಟಲಲ್ಲಿ ಇಷ್ಟು ದಿನ ಎಲ್ಲಿ ಅಡಗಿತ್ತೋ, ಅಕ್ಕನ ರೆಪ್ಪೆ ಪಟಪಟ ಬಡಿಯಿತು, ಕೈ ಮಾತ್ರ ಬರಲಿಲ್ಲ, ಮೂರನೇ ಸಲ ಹೇಳಿದಳು, ಬರಲಿಲ್ಲ. ಅಕ್ಕ ಭಾಷಣ ಮಾಡಲಿಲ್ಲ, ಅಳಲಿಲ್ಲ, ಮುಂದೇನಮ್ಮ ಎಂದು ನರ್ಸಮ್ಮ ಕೇಳಿದರೆ ಮುಂದೆ ಗೊತ್ತಿಲ್ಲ, ಇಲ್ಲಿವರೆಗೆ ಗೊತ್ತು ಅಂದು, ಹಳದಿ ಬಟ್ಟೆ ತೆಗೆದು, ನೀಟಾಗಿ ಮಡಚಿ, ಸೊಪ್ಪಿನಕ್ಕನ ಕೈಗೆ ಕೊಟ್ಟು ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು, ಯಾರೂ ಚಪ್ಪಾಳೆ ತಟ್ಟಲಿಲ್ಲ, ಇವಳ ಕೈ ವಾಚಿನ ಜೊತೆ ಹಾಗೇ ಚಾಚಿಕೊಂಡೇ ಇತ್ತು, ಸೊಪ್ಪಿನಕ್ಕ ಬಂದು ಅದನ್ನು ಕೆಳಗೆ ಇಳಿಸಬೇಕಾಯಿತು.

ಬಾಗಿಲು ತಟ್ಟಿದರು, ನರ್ಸಮ್ಮ, ಒಳಗೆ ಬರಲಿಲ್ಲ. ಕೇಳಿ ತರಬೇಕಿತ್ತು ಕಣೇ. ಹೂಂ. ಬೈಯೋದು ಆಮೇಲೆ, ಮರೆತಿಲ್ಲ, ಈಗ ನಿಮ್ಮಕ್ಕ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಮನೆಗೆ ಹೋಗ್ತೀಯಾ ಅಂದೆ, ಗೊತ್ತಿಲ್ಲ ಅಂದ್ಲು, ಹೋಗ್ಬೇಡ, ನಮ್ಮನೇಲಿ ಜಾಗ ಇದೆ ಅಂದೆ, ಅದಕ್ಕೂ ಗೊತ್ತಿಲ್ಲ ಅಂದ್ಲು, ನೀನು ಬಾ. ಬಂದೆ ಅಂದಳು, ಬರಲಿಲ್ಲ, ಅರ್ಧ ಮೀಸೆ ಇಟ್ಟುಕೊಂಡು ಅಕ್ಕನ ಮುಂದೆ ಹೇಗೆ ನಿಲ್ಲುವುದು, ಪೂರ್ತಿ ತೆಗೆದು ತಾನೇ ಹೇಗೆ, ನನ್ನ ಕೋಣೆಗೆ ಬಾ ಅಕ್ಕ ಎನ್ನಬಹುದು, ಅಂಗಡಿಯ ಮೇಲಿನ ಒಂದೇ ಕೋಣೆ, ಮೆಷಿನ್ನು ಗೋಡೆಗೆ ಸರಿಸಿದರೆ ಇಬ್ಬರಿಗೆ ಹಾಸಿಗೆ ಆಗುತ್ತದೆ, ಆದರೆ ಕರೆದರೆ ಬರುತ್ತಾಳೆಯೇ, ಕದ್ದು ನೋಡಿದವಳ ಮನೆಗೆ, ಕದ್ದದ್ದನ್ನು ತಪ್ಪಾಗಿ ಆಡಿದವಳ ಮನೆಗೆ, ಮನೆಗೇ ಹೋದರೆ — ಬೀದಿಯಲ್ಲಿ ಸುದ್ದಿ ಕಾಲಿಲ್ಲದೆ ಓಡುತ್ತದೆ, ಇಷ್ಟು ಹೊತ್ತಿಗೆ ಭಾವನ ಕಿವಿ ಮುಟ್ಟಿರುತ್ತದೆ, ಇವತ್ತು ವಾಚು ತೆಗೆಯುವಾಗ ಅವನ ಹೆಬ್ಬೆರಳು ಗಾಜನ್ನು ಸವರುತ್ತದೆಯೋ ಇಲ್ಲವೋ, ಇಷ್ಟು ಮಾಡಿಟ್ಟು ನಾನಿಲ್ಲಿ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ, ಏಳು, ಏಳೇ, ಹೊರಗೆ ಬೈಕಿನ ಸದ್ದು, ಗೇಟಿನ ಹತ್ತಿರ ನಿಂತು ಆಫ್ ಆಯಿತು, ಆ ಬೈಕನ್ನು ಕಣ್ಣು ಮುಚ್ಚಿ ಗುರುತಿಸಬಲ್ಲಳು.

ಕಿಟಕಿಯ ಒಡೆದ ಗಾಜಿಗೆ ಸಿಗಿಸಿದ ರಟ್ಟನ್ನು ಸರಿಸಿದಳು. ಮೆಟ್ಟಿಲ ಮೇಲೆ ಅಕ್ಕನ ಬೆನ್ನು, ಅದರಾಚೆ ಭಾವ, ಏನ್ರಮ್ಮ, ನಾಟಕ ಚೆನ್ನಾಗಿತ್ತಾ ಎಂದು ಎಂದಿನ ನಗುಮುಖ, ಹಾಗಾದರೆ ಇನ್ನೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೀಗೆ, ಮೆಟ್ಟಿಲ ಮೇಲೆ ಕೂತ ಹೆಂಗಸರು ಯಾರೂ ಅವನ ಮುಖ ನೋಡಲಿಲ್ಲ, ಎಲ್ಲರೂ ಅವನ ಎಡ ಮಣಿಕಟ್ಟನ್ನು ನೋಡುತ್ತಿದ್ದರು, ಮುದುಕಿಯರು ಕೂಡ, ಅವನಿಗೆ ಏನೋ ಇರುಸುಮುರುಸಾಗಿ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ, ಬಾರೇ, ಹೊತ್ತಾಯ್ತು ಎಂದು ಬೈಕಿಗೆ ತೂಗಿಸಿದ್ದ ಇನ್ನೊಂದು ಹೆಲ್ಮೆಟ್ ತೆಗೆದು ಅಕ್ಕನ ಮುಂದೆ ಚಾಚಿದ, ಹಿಡ್ಕೊ. ನಿಲ್ಸಿ ಎನ್ನಲು ಇವಳ ಬಾಯಿ ತೆರೆಯಿತು, ಅಷ್ಟರಲ್ಲೇ ಕಣ್ಣು ಅಕ್ಕನ ಕೈಗೆ ಹೋಯಿತು, ವೇದಿಕೆಯಲ್ಲಿ ಎದುರು ನಿಂತವಳಿಗೆ ಕಾಣದೇ ಹೋದದ್ದು ಈಗ ಹಿಂದಿನಿಂದ ಕಾಣುತ್ತಿದೆ, ಬೆನ್ನ ಹಿಂದೆ ಅಕ್ಕನ ಬಲಗೈ ಮುಂದೆ ಹೋಗಲು ಎಳೆಯುತ್ತಿದೆ, ಎಡಗೈ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಬೆರಳು ಬಿಳುಚಿವೆ, ಹೆಲ್ಮೆಟ್ ಚಾಚಿಕೊಂಡೇ ಇದೆ, ಹಿಡ್ಕೊ ಅಂದ್ನಲ್ಲ, ಬಲಗೈ ಎಳೆಯುತ್ತಿದೆ, ಎಡಗೈ ಬಿಡುತ್ತಿಲ್ಲ, ಬಿಡಬೇಡ ಅಕ್ಕ, ಬಿಳುಚಿದ ಬೆರಳು, ಎಡಗೈ ಬಿಟ್ಟಿಲ್ಲ, ಇನ್ನೂ ಬಿಟ್ಟಿಲ್ಲ