ಉಪ್ಪಿಲ್ಲದ ನುಚ್ಚು

ಯಲ್ಲಕ್ಕನ ಕಾಲು ಬಾತು ಕಾಲುಂಗುರ ಬೆರಳಿಗೆ ಕಚ್ಚಿಕೊಂಡ ದಿನ, ಎಣ್ಣೆ ಸವರಿ ಅವನ್ನು ತೆಗೆದವಳು ಅತ್ತಿಗೆ ಜಂಬವ್ವ. ಯಲ್ಲಕ್ಕ ಚೊಚ್ಚಲ ಬಸಿರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಕಂಪ್ಲಿಯಿಂದ ಎರೆಹೊಲ ದಾಟಿ ಹೋಗಬೇಕಾದ ಆ ಪುಟ್ಟ ಊರಿಗೆ ಹೊಳೆ ದೂರ, ಬಳ್ಳಾರಿಯ ದವಾಖಾನೆ ಇನ್ನೂ ದೂರ. ಕುಡಿಯಲು ಹಿತ್ತಲ ಬಾವಿಯೇ ಗತಿ.

ಸೂಲಗಿತ್ತಿ ಊರಮ್ಮ ಮೊಳಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು.

"ಅಂದಾನಪ್ಪಣ್ಣ, ಮಗಳಿಗೆ ಉಪ್ಪು ಮುಟ್ಟಸಬ್ಯಾಡ್ರಿ. ತಲಿನೋವು ಅಂತಾಳ, ಕಣ್ಣು ಮಂಜು ಅಂತಾಳ. ಹಿಂಗಾದಾಕಿ ಒಬ್ಬಾಕಿ ನನ್ನ ಕೈಯಾಗನ ಸೆಟದು ಹೋದ್ಲು."

ತಾಯಿಯಿಲ್ಲದ ಮಗಳು. ಅಂದಾನಪ್ಪನ ಮುಖ ಬಿಳಿಚಿತು. ಸೊಸೆಯ ಕಡೆ ತಿರುಗಿದ. "ಕೇಳಿದೇನವ್ವಾ? ಉಪ್ಪಿನ ಒಂದು ಹಳ್ಳೂ ಬೀಳಬಾರ್ದು."

ಮಾವನೆದುರು ಬಾಯಿಬಿಟ್ಟು ಗೊತ್ತಿಲ್ಲದ ಜಂಬವ್ವ ಸೆರಗಿನೊಳಗೇ ತಲೆಯಾಡಿಸಿದಳು.

ಅಂದಿನಿಂದ ಯಲ್ಲಕ್ಕನಿಗೆ ಉಪ್ಪಿಲ್ಲದ ಜೋಳದ ನುಚ್ಚು. "ಅತ್ತಿಗಿ, ಉಪ್ಪಿಲ್ಲಂದ್ರೂ ಬಾಯಿಗೆ ಹತ್ತತೈತಲ್ಲಬೇ! ನಿನ್ನ ಕೈಗುಣ ಭಾಳ ಚಲೋ," ಎಂದು ಅವಳು ಹೊಗಳಿದಳು. ಜಂಬವ್ವನಿಗೆ ಆ ಹೊಗಳಿಕೆ ಮುಳ್ಳಿನಂತೆ ಚುಚ್ಚಿತು. ಕಾಲಿನ ಬಾವು ಇಳಿದಿರಲಿಲ್ಲ. ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ. ಕೊಡದ ಕಂಠದಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು. ಮಾವ ಬಾಳೆತೋಟಕ್ಕೆಂದು ಬಾವಿಗೆ ಕಪಿಲೆ ಹೂಡಿ, ಎತ್ತುಗಳಿಂದ ದಿನವಿಡೀ ನೀರೆಳೆಯಲು ಶುರುಮಾಡಿದ ಮೇಲೆ ಹೀಗೆಲ್ಲ ಆಗಿತ್ತು. ದಿನಕ್ಕಿಷ್ಟಿಷ್ಟೇ ಏರಿದ ನೀರಿನ ರುಚಿ ಮನೆಯವರ ನಾಲಗೆಗೆ ತಿಳಿದಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಬಿಟ್ಟ ನುಚ್ಚನ್ನು ಚೆಲ್ಲಬಾರದೆಂದು ಅಂದಾನಪ್ಪ ತಾನೇ ಬಾಯಿಗಿಟ್ಟ. ಇಟ್ಟವನು ಗಂಗಾಳ ಕುಕ್ಕಿದ.

"ಜಂಬವ್ವಾ! ಉಪ್ಪು ಹಾಕಿದೇನು? ನನ್ನ ಮಗಳನ್ನ ಕೊಲ್ಲಾಕ ನಿಂತೀಯೇನು?"

ಜಂಬವ್ವ ಕಪಿಲೆಯ ಕಾಲುವೆಯಿಂದ ಒಂದು ತಂಬಿಗೆ ನೀರು ತಂದಳು. ಮಾವನ ಕಣ್ಣೆದುರೇ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕಬ್ಬಿಣದ ಬಾಣಲೆಯಲ್ಲಿ ಬರಿಯ ನೀರನ್ನೇ ಕುದಿಸಿದಳು. ನೀರೆಲ್ಲ ಆವಿಯಾಗಿ ತಳ ಬೆಳ್ಳಗಾಯಿತು. ಅದನ್ನು ಕೆರೆದು ಅಂಗೈಯಲ್ಲಿ ಹಿಡಿದಳು.

"ನಾನು ಹಾಕಿಲ್ಲರಿ ಮಾವಾರ. ನಿಮ್ಮ ಕಪಿಲಿ ಹಾಕೈತಿ."

ಅಂದಾನಪ್ಪ ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಬಹಳ ಹೊತ್ತು ನುಂಗಲಿಲ್ಲ. "ನಮ್ಮಜ್ಜನ ಕಾಲದಿಂದ ಸಿಹಿಬಾವಿ ಇದು..."

"ಕೊಡದಿಂದ ಸೇದೋತನಕ ಸಿಹಿ ಇತ್ತರಿ. ಮ್ಯಾಲಿನ ನೀರು ಸಿಹಿ, ತಳದ್ದು ಸವಳು. ಸಿಹಿದೆಲ್ಲಾ ಬಾಳಿತೋಟಕ್ಕ ಹೋತು. ಈಗ ತಳ ಎದ್ದು ಬರಾಕ ಹತ್ತೈತಿ."

"ಗೊನಿ ಬಿಟ್ಟೈತವ್ವಾ! ಹೊಸಪೇಟಿಗೆ ಒಯ್ದು ರೈಲಿಗೆ ಹಾಕಿದ್ರ ಮದ್ರಾಸಿಗೆ ಹೋಗೋ ಹಣ್ಣು. ಇದೊಂದು ತಿಂಗಳು ಕಳೀಲಿ."

"ಕೂಸು ತಿಂಗಳು ಕಾಯಂಗಿಲ್ಲರಿ."

ಮರುದಿನ ಬೆಳಿಗ್ಗೆ ಅಂದಾನಪ್ಪ ಮತ್ತೆ ಎತ್ತು ಹೂಡಿದ. ತಲೆಯೆತ್ತಿದರೆ, ಎತ್ತುಗಳು ಹಗ್ಗ ಎಳೆಯುತ್ತ ಇಳಿಯುವ ದಾರಿಯ ನಡುವೆ ಜಂಬವ್ವ ನಿಂತಿದ್ದಳು.

"ಸರಿಯಬೇ, ತುಳದಾವು!"

ಅವಳ ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಎತ್ತೊಂದು ಅವಳ ಭುಜಕ್ಕೆ ಉಸಿರು ಬಿಟ್ಟಿತು.

ಗದ್ದಲ ಕೇಳಿ ಯಲ್ಲಕ್ಕ ಗೋಡೆ ಹಿಡಿದು ಹಿತ್ತಲಿಗೆ ಬಂದಳು. ಅಂದಾನಪ್ಪ ಅವಳ ಪಾದ ನೋಡಿದ. ಊತದಲ್ಲಿ ಹರಡಿನ ಮೂಳೆ ಎಲ್ಲಿದೆಯೆಂದೇ ಕಾಣದು. ಮುತ್ತೈದೆಯ ಬೆರಳುಗಳು ಕಾಲುಂಗುರವಿಲ್ಲದೆ ಬೋಳಾಗಿದ್ದವು. ಅವನು ಕಪಿಲೆಯ ಹಗ್ಗದ ಗಂಟು ಬಿಚ್ಚಿದ.

"ಇನ್ನೂ ಯಾಕ ನಿಂತಿ? ಕೊಡ ಎಷ್ಟದಾವೋ ಅಷ್ಟೂ ತಗದಿಡು. ಈ ಎತ್ತು ಬಂಡಿಗೆ ಹೂಡಿ ಹೊಳಿಗೆ ಹೊಡೀತೀನಿ," ಎಂದು ಗದರಿದ. ಎತ್ತಿನ ಬೆನ್ನು ಸವರುತ್ತ ಗೊಣಗಿದ, "ಬಾಯಿಲ್ಲದ ಸೊಸಿ ಅಂದಿದ್ರು ಬೀಗರು. ಮಸ್ತ್ ಸುಳ್ಳು ಹೇಳ್ಯಾರ."

ಬಾಳೆಯ ಎಲೆಗಳು ಸುರುಳಿ ಸುತ್ತಿ ಒಣಗಿದವು. ಹೊಳೆಯ ನೀರಲ್ಲಿ ಬೇಳೆ ಬೆಂದು ಕರಗಿತು. ಯಲ್ಲಕ್ಕನ ತಲೆನೋವು ತಗ್ಗಿತು. ಊರಮ್ಮ ಮತ್ತೆ ಬಂದು ಒತ್ತಿದಾಗ ಗುಳಿ ಬಿತ್ತು, ನಿಧಾನವಾಗಿ ಎದ್ದಿತು.

ಅವಳು ಹೋದ ಮೇಲೆ ಯಲ್ಲಕ್ಕ ಕಾಲುಂಗುರ ಕೇಳಿದಳು. ಬಲಗಾಲಿಗೆ ಏರಿತು. ಎಡಗಾಲಿಗೆ ಬೆರಳ ಗಿಣ್ಣಿನ ಹತ್ತಿರವೇ ನಿಂತಿತು.

"ಇದು ಹೋಗವಲ್ದು ಅತ್ತಿಗಿ."

ಜಂಬವ್ವ ಅದನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಹೊಳೆಯಿಂದ ಬಂದ ಬಂಡಿಯ ಸದ್ದಾಯಿತು. "ಹೋಗತೈತಿ, ತಡಿ," ಎಂದು ಕೊಡ ಎತ್ತಿಕೊಂಡು ನಡೆದಳು.