ಮೂವತ್ಮೂರನೇ ಗೇಟಿನ ಕಥೆಗಳು

ಬಾಳೆಗೊನೆ ಹೇರಿಕೊಂಡ ಟ್ರ್ಯಾಕ್ಟರೊಂದು ಕಿಟಕಿಗೆ ಉಜ್ಜುವಷ್ಟು ಹತ್ತಿರ ಹಾದುಹೋಯಿತು, ಹಸಿರು, ಹಸಿರು, ಮತ್ತೆ ಬಿಸಿಲು, ಬಿಸಿಲಿಗೆ ಫೋನಿನ ಪರದೆಯೇ ಕಾಣುವುದಿಲ್ಲ, ದುಪಟ್ಟಾ ಮರೆಮಾಡಿದರೆ ಹಾಂ, ಈಗ ಕಾಣುತ್ತದೆ, ಹೆಗಲ ಮೇಲೆ ಅಪ್ಪನ ತಲೆ, ಹೊಸಪೇಟೆ ದಾಟುವ ಮೊದಲೇ ನಿದ್ದೆ, ನಿವೃತ್ತಿಯಾದ ಮೇಲೆ ಈ ಹನುಮಣ್ಣನಿಗೆ ಬಸ್ಸೆಂದರೆ ತೊಟ್ಟಿಲು, ಕಂಪ್ಲಿ ಬಂದ್ರ ಎಬ್ಬಸವಾ ಮಿತ್ರಾ, ನಿಮ್ಮತ್ತಿ ತಾಯಕ್ಕನ ಹೊಸ ಮನಿ ಊಟ ತಪ್ಪಬಾರದು ಅಂದವನು ಈಗ ಬಾಯಿ ತೆರೆದು ಗೊರಕೆ, ಇರಲಿ, ಓದುತ್ತೇನೆ — ಎಲ್ಲಾ ನಿನ್ನೆ ಸಂಡೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಶುರುವಾದದ್ದು, ಶೈಲಶ್ರೀ ಮೇಡಂ ತಾನು ನೋಡುತ್ತಿದ್ದ ಧಾರಾವಾಹಿಯನ್ನು ಟೀವಿಯವರು ನಡುವೆಯೇ ನಿಲ್ಲಿಸಿದರೆಂದು ಅಳುಮೋರೆ ಮಾಡಿದ್ದು, ನನಗೆ ಥಟ್ಟನೆ ನೀಲವ್ವ ನೆನಪಾದದ್ದು, ಹರಿಗೋಲಿನ ನೀಲವ್ವ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಟೀವಿಯಲ್ಲಿ ಬರುತ್ತಿದ್ದಳು, ಪ್ರವಾಹದಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ಆಚೆ ದಡಕ್ಕೆ ಹೊರಟಿದ್ದಳು, ಹೊಳೆಯ ನಟ್ಟನಡುವೆ ಇದ್ದಳು, ಮರುದಿನ ಅದೇ ಹೊತ್ತಿಗೆ ಟೀವಿ ಹಾಕಿದರೆ ಯಾರೋ ಹೆಂಗಸು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಾಳೆ, ನೀಲವ್ವನೂ ಇಲ್ಲ, ಕೂಸೂ ಇಲ್ಲ, ಹೊಳೆಯೂ ಇಲ್ಲ, ನಾನು ಊಟ ಬಿಟ್ಟು ಅತ್ತೆ, ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿಗೆಲ್ಲ ಕೇಳುವ ಹಾಗೆ ಅತ್ತೆ, ಅವ್ವ ಏಟು ಹಾಕುವುದಾಗಿ ಹೆದರಿಸಿದಳು, ಅಪ್ಪ ಮಾತ್ರ ಮರುದಿನ ಕಾಲುವೆ ಆಫೀಸಿನಿಂದ ಬಂದವನೇ, ಲೇ ಮಿತ್ರಾ, ನಮ್ಮ ಆಫೀಸಿಗೆ ಒಬ್ಬ ಸಾಹೇಬ್ರು ಬಂದಾರ, ಅವ್ರಿಗೆ ಮುಂದಿನ ಕಥಿ ಗೊತ್ತೈತಂತ, ನಾಳಿ ಸೈಕಲ್ ಮ್ಯಾಲೆ ಹೇಳ್ತೀನಿ, ಈಗ ಉಣ್ಣು ಅಂದ. ನಾಳೆ ಬಂತು, ನಾಡಿದ್ದೂ ಬಂತು, ಶಾಲೆಯ ದಾರಿಯುದ್ದಕ್ಕೂ ನಾನು ಮುಂದಿನ ಸರಳಿನ ಮೇಲೆ, ಅಪ್ಪನ ಗದ್ದ ನನ್ನ ನೆತ್ತಿಯ ಮೇಲೆ, ನೀಲವ್ವ ದಡ ಸೇರಿದಳು, ಕೂಸಿಗೆ ಹೆಸರಿಟ್ಟಳು, ಕಳ್ಳರನ್ನು ಹಂಪಿಯ ಬಂಡೆಗಳ ಸಂದಿಯಲ್ಲಿ ಸಿಕ್ಕಿಸಿದಳು, ಆ ಸಾಹೇಬರು ಎಂಥ ಒಳ್ಳೆಯವರೆಂದು ನಾನು ಎಷ್ಟು ಸಲ ಅಂದುಕೊಂಡಿದ್ದೆ.

ಈಗ, ಕಮಲಾಪುರದ ಕೆರೆ ಎಡಕ್ಕೆ ಥಳಥಳಿಸುತ್ತಿರುವಾಗ, ನೀಲವ್ವನ ಹೆಸರು ಹಾಕಿ ಹುಡುಕಿದರೆ ಇದು ಸಿಕ್ಕಿದೆ, ಧಾರಾವಾಹಿ ಅಭಿಮಾನಿಗಳ ಹಳೇ ಆನ್‌ಲೈನ್ ಹರಟೆಕಟ್ಟೆ, ಇನ್ನೂ ಬದುಕಿದೆ, ತಲೆಯ ಮೇಲೆ ಯಾವುದೋ ಕಾಲದ ಬಟನ್ ಮೊಬೈಲಿನ ಜಾಹೀರಾತು, ಕೆಳಗೆ ಕಥೆಗಳು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ತುಟಿ ಅಲ್ಲಾಡಿಸಿ ಓದಿದರೆ ಮಾತ್ರ ತಿಳಿಯುತ್ತದೆ, ಟೀವಿಯವರು ಬಿಟ್ಟ ನೀಲವ್ವನನ್ನು ಇಲ್ಲಿ ಹತ್ತಾರು ಜನ ಎತ್ತಿಕೊಂಡು ಸಾಕಿದ್ದಾರೆ, ಒಬ್ಬಳು ಅವಳನ್ನು ಮೈಸೂರಿಗೆ ಮದುವೆ ಮಾಡಿ ಕೊಟ್ಟಿದ್ದಾಳೆ, ಇನ್ನೊಬ್ಬ ಪೊಲೀಸ್ ಮಾಡಿದ್ದಾನೆ, ಮತ್ತೆ ಇದೊಬ್ಬರು, ‘ಮೂವತ್ಮೂರನೇ ಗೇಟು’ ಎಂಬ ಹೆಸರಿನವರು, ಇವರ ಕಥೆಯಲ್ಲಿ ಕಳ್ಳರು ಬಂಡೆಗಳ ಸಂದಿಯಲ್ಲಿ — ಅರೆ, ಇದು ನನ್ನ ಕಥೆ, ಸೈಕಲ್ಲಿನ ಕಥೆ, ಅಂದರೆ ಅಪ್ಪ ಇಲ್ಲಿ ಓದಿ ನನಗೆ ಹೇಳುತ್ತಿದ್ದನೇ, ಸಾಹೇಬರು ಅಂದರೆ ಆಫೀಸಿನ ಕಂಪ್ಯೂಟರೇ, ಛೇ, ನನಗೊಬ್ಬಳಿಗೇ ಅಂದುಕೊಂಡಿದ್ದ ಕಥೆ ಊರಿಗೆಲ್ಲ ಹಂಚಿದ್ದೇ, ಹೋಗಲಿ, ಹಂಚಿದ್ದರೇನು, ಇನ್ನೂ ಹಿಂದಕ್ಕೆ ಹೋಗುತ್ತೇನೆ, ಹಳೆಯ ಪುಟ, ಅದಕ್ಕೂ ಹಳೆಯ ಪುಟ, ನೆಟ್‌ವರ್ಕ್ ಬಂಡೆಗಳ ನಡುವೆ ಸತ್ತು ಸತ್ತು ಹುಟ್ಟುತ್ತದೆ, ಬಂತು, ನೀಲವ್ವ ಹರಿಗೋಲು ಹತ್ತಿದಳು, ಅವಳ ಹಿಂದೆಯೇ ಒಂದು ಆಡು ಹತ್ತಿತು, ಆಡಿನ ಹೆಸರು ರೇಡಿಯೋ — ರೇಡಿಯೋ! ಆ ಹೆಸರಿಟ್ಟವಳು ನಾನು! ನಿಲ್ಲದೆ ಅರಚುವ ಆಡಿಗೆ ಮತ್ತೇನು ಹೆಸರಿಡಬೇಕು ಎಂದು ಸೈಕಲ್ಲಿನ ಮೇಲೇ ಜಗಳ ತೆಗೆದಿದ್ದೆ, ಕೆಳಗೆ ಯಾರೋ ಕೇಳಿದ್ದಾರೆ, ಈ ಆಡು ಎಲ್ಲಿಂದ ಬಂತು ಗುರುಗಳೇ, ಧಾರಾವಾಹಿಯಲ್ಲಿ ಇರಲಿಲ್ಲವಲ್ಲ, ಅದಕ್ಕೆ ಮೂವತ್ಮೂರನೇ ಗೇಟಿನವರ ಉತ್ತರ, ‘ಏನು ಮಾಡಲಿ, ನಮ್ಮ ಮನೆಯ ಸಂಪಾದಕಿಯ ಅಪ್ಪಣೆ, ಆಡು ಬಾರದಿದ್ದರೆ ಸೈಕಲ್ಲಿನಿಂದ ಇಳಿಯುವುದಿಲ್ಲ ಎಂದು ಶಾಲೆಯ ಗೇಟಿನಲ್ಲಿ ಹಟ ಹಿಡಿದಿದ್ದಾಳೆ.’ ನಗು ಬಂದು ಮೈ ಕುಲುಕಿತು, ಅಪ್ಪನ ತಲೆ ಹೆಗಲಿನಿಂದ ಜಾರಿ ಮತ್ತೆ ತಾನೇ ಮೇಲೇರಿತು, ಈ ಮನುಷ್ಯ, ಅವ್ವ ಧಾರಾವಾಹಿ ನೋಡಿದರೆ ಹುಚ್ಚು ಹಿಡದೈತಿ ನಿಮಗ ಎಂದು ಬೈದು ಹೊರಗೆ ಹೋಗುತ್ತಿದ್ದ ಈ ಮನುಷ್ಯ, ಊಟದ ಬಿಡುವಿನಲ್ಲಿ ಕಡತಗಳ ನಡುವೆ ಕುಳಿತು ಒಂದೊಂದೇ ಬೆರಳಿನಲ್ಲಿ ಕುಟ್ಟುತ್ತಿದ್ದ, ಸಾಹೇಬರು ಯಾರೂ ಇರಲಿಲ್ಲ, ಯಾವತ್ತೂ ಇರಲಿಲ್ಲ.

ಓದಿದೆ, ಓದಿದೆ, ಬುಕ್ಕಸಾಗರ ಬಂದದ್ದೂ ಹೋದದ್ದೂ ತಿಳಿಯಲಿಲ್ಲ, ಕೊನೆಯ ಕಥೆಯಲ್ಲಿ ನೀಲವ್ವ ಆನೆಗುಂದಿಯ ಕೆಳಗೆ ಸುಳಿಯಲ್ಲಿ ಸಿಕ್ಕಿದ್ದಾಳೆ, ಹುಟ್ಟು ಕೈಜಾರಿ ನೀರಿಗೆ ಬಿತ್ತು, ಅಷ್ಟೇ, ಅದರ ಕೆಳಗೆ ಎರಡು ಸಾಲು, ‘ಸಂಪಾದಕಿ ಸಂಡೂರಿನ ಹಾಸ್ಟೆಲಿಗೆ ಹೋದಳು. ಕೇಳುವವರಿಲ್ಲದೆ ಕಥೆ ಹೊರಡುತ್ತಿಲ್ಲ, ಅವಳು ಬರಲಿ, ನೋಡೋಣ.’ ಆ ಎರಡು ಸಾಲನ್ನೇ ಇನ್ನೊಮ್ಮೆ ಓದಿದೆ, ಆದರೆ ಅದರ ಕೆಳಗಿನದು ನೋಡಿ ಮತ್ತೆ ನಗು, ವರ್ಷವರ್ಷವೂ ಯಾರಾದರೊಬ್ಬರು ಬಂದು ಕೇಳಿದ್ದಾರೆ, ಸಂಪಾದಕಿ ಬಂದ್ಲಾ, ಗಂಗಾವತಿಯವರು, ಮಸ್ಕತ್‌ನಲ್ಲಿರುವ ಒಬ್ಬರು, ಹೋದ ಯುಗಾದಿಗೆ ಯಾರೋ ದುರ್ಗಾ ಎಂಬಾಕೆ, ನನಗೂ ಮಗಳು ಹುಟ್ಯಾಳ್ರಿ, ಅಕಿಗೂ ಹೇಳಬೇಕು, ನಿಮ್ಮಾಕಿ ಬಂದ್ಲೇನ್ರಿ. ಯಪ್ಪಾ, ಯಪ್ಪಾ ಏಳು, ಏನವಾ ಕಂಪ್ಲಿ ಬಂತೇನು, ಇಲ್ಲ, ಮೂವತ್ಮೂರನೇ ಗೇಟು ಅಂದ್ರ ಯಾರು, ಅಪ್ಪ ಕಣ್ಣು ಪಿಳಿಪಿಳಿ ಮಾಡಿದ, ಗೇಟಂದ್ರ ಗೇಟು, ನಮ್ಮ ಡ್ಯಾಂನಾಗ ಐತಲ್ಲ, ಕಡೇದು ಅಂದ, ಫೋನನ್ನು ಮುಖದ ಮುಂದೆ ಹಿಡಿದೆ, ಕನ್ನಡಕ ಹುಡುಕಿ ಏರಿಸಿದ, ತುಟಿ ಅಲ್ಲಾಡಿಸಿ ಓದಿದ, ಕಿವಿ ಕೆಂಪಾದವು, ನಿಮ್ಮವ್ವಗ ಹೇಳಬ್ಯಾಡ ಅಂದ ಮೊದಲು, ಆಮೇಲೆ ಬೆರಳಿನಿಂದ ಒಬ್ಬೊಬ್ಬರ ಪ್ರಶ್ನೆಯನ್ನೂ ಮುಟ್ಟುತ್ತಾ, ಇವ್ರೆಲ್ಲ ಇನ್ನೂ ಕಾಯಾಕತ್ತ್ಯಾರೇನು ಅಂದ, ಕಾಯಾಕತ್ತ್ಯಾರ, ನಾನೂ ಕಾಯಾಕತ್ತೀನಿ, ಬಂದೀನಲ್ಲ, ಮುಂದೇನಾತು ಹೇಳು ಅಂದೆ, ನನಗೇನು ನೆನಪೈತವಾ ಅಂದ, ಕಿಟಕಿಯಾಚೆ ಭತ್ತದ ಗದ್ದೆ ನೋಡಿದ, ಬಸ್ಸು ಎರಡು ಉಬ್ಬು ಹಾರಿತು, ನಾನು ಕಾಯುತ್ತಿದ್ದೇನೆ, ಮುಂದಿನ ಸೀಟಿನ ಹೆಂಗಸು ಬುಟ್ಟಿ ಸರಿಸಿ ಈ ಕಡೆ ತಿರುಗಿದಳು, ಅವಳೂ ಕಾಯುತ್ತಿದ್ದಾಳೆ, ಅಪ್ಪ ಗಂಟಲು ಸರಿಮಾಡಿಕೊಂಡ, ಬರಿ ಅಂದ, ಬರಕೋ ಜಲ್ದಿ, ಹುಟ್ಟು ಹೋದ್ರ ಏನಾತು, ಕೈ ಅದಾವಲ್ಲ ಅಕಿಗೆ, ಕುಪ್ಪಸದ ಎರಡೂ ತೋಳು ಮಡಚಿದ್ಲು, ಹರಿಗೋಲಿನ ಅಂಚಿಗೆ ಬಗ್ಗಿದ್ಲು, ಹಿಂಗ, ನೋಡಿಲ್ಲಿ, ಹಿಂಗ — ನನ್ನ ಹೆಬ್ಬೆರಳು ಪರದೆಯ ಮೇಲೆ ಹಾಗೇ ನಿಂತಿದೆ, ಸೀಟಿನಿಂದ ಅರ್ಧ ಎದ್ದ ಅಪ್ಪನ ಎರಡು ಅಂಗೈ, ಬಿಸಿಲಿನಲ್ಲಿ, ಗಾಳಿಯನ್ನು ಬಗೆದು ಹಿಂದಕ್ಕೆ ತಳ್ಳುತ್ತಿವೆ, ಮತ್ತೆ ಬಗೆಯುತ್ತಿವೆ, ಆ ಎರಡು ಅಂಗೈ —